ಶೋಭಾಳಿಗೆ ನಾನು ಕಲಿಸಿದ ನೆನಪು

ಶೋಭಾ, ನಿನ್ನ ತಲೆಯಲ್ಲಿರುವ ಒಂದು ನೆನಪು ಸುಳ್ಳು. ಅದನ್ನು ಅಲ್ಲಿ ಕೂರಿಸಿದವಳು ನಾನು — ನೀನು ಬಾಯಿತುಂಬ ಅಕ್ಕ ಎಂದು ಕರೆಯುವ ನಿನ್ನ ವಾರಗಿತ್ತಿ. ಸಾಯುವ ಹೊತ್ತಿನಲ್ಲಿ ಅವ್ವ ಕರೆದರೂ ಹೋಗಲಿಲ್ಲವಲ್ಲ ಎಂದು ಕೊರಗುತ್ತಿದ್ದೀಯೆ. ಆ ಕರೆ ನಿನಗೆ ಮುಟ್ಟಲೇ ಇಲ್ಲ. ಮುಟ್ಟದ ಹಾಗೆ ನಾನು ನೋಡಿಕೊಂಡೆ.

ಅವತ್ತು ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಮೆಸ್ಸಿನಲ್ಲಿ ಒಂದು ಬೀಗರೂಟದ ಅಡುಗೆ ಒಪ್ಪಿಕೊಂಡಿದ್ದೆವು. ನಿನ್ನ ಮೊಬೈಲು ರಿಪೇರಿಗೆ ಹೋಗಿತ್ತು. ನೀನು ಹಿತ್ತಲಲ್ಲಿ ಗ್ರೈಂಡರಿನ ಮುಂದೆ ಮಸಾಲೆ ರುಬ್ಬುತ್ತಿದ್ದೆ. ಶಿವಪುರದಿಂದ ನಿನ್ನ ತಮ್ಮ ನನ್ನ ಫೋನಿಗೆ ಮಾಡಿದ.

"ಅವ್ವಂಗೆ ಸೀರಿಯಸ್ಸು ಕಣಕ್ಕ. ಸೋಬಾ ಸೋಬಾ ಅಂತಾವ್ಳೆ. ಇವತ್ತೇ ಕಳ್ಸಿ."

ಕಳಿಸುತ್ತೇನೆ ಎಂದೆ. ಕಳಿಸಲಿಲ್ಲ. ನೀನು ಹೊರಟುಬಿಟ್ಟರೆ ಅಷ್ಟು ಜನಕ್ಕೆ ಮುದ್ದೆ ಕಟ್ಟುವವರು ಯಾರು, ಒಪ್ಪಿಕೊಂಡ ಮೇಲೆ ಮಾನ ಹೋಗುತ್ತದಲ್ಲ — ಇದೇ ನನ್ನ ಯೋಚನೆ. ಬೆಳಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ನಿಮ್ಮವ್ವ ಹೋಗಿಬಿಟ್ಟಿದ್ದರು.

ಮಣ್ಣು ಮಾಡಿ ಬಂದ ದಿನ, ತಮ್ಮ ಫೋನ್ ಮಾಡಿದ್ದನಾ ಎಂದು ನೀನು ಕೇಳಿದೆ. ಇದ್ದದ್ದನ್ನು ಹೇಳಿಬಿಟ್ಟೆ. ಬೈಯುತ್ತೀಯೆ ಎಂದು ಕಾದೆ, ಬೈಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೆ ಸಾಯಬೇಕು ಎಂಬುದೊಂದೇ ನಿನ್ನ ಬಾಯಲ್ಲಿ. ಡಾಕ್ಟರು ಕೊಟ್ಟ ಮಾತ್ರೆಗಳು ನಾಟಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಮಂಪರು ಬರಿಸಿ ತಲೆಗೆ ಕರೆಂಟಿನ ಚಿಕಿತ್ಸೆ ಮಾಡಿದರು. ಜನ ಏನೇನೋ ಹೆದರಿಸಿದ್ದರು. ಆದರೆ ಆ ಚಿಕಿತ್ಸೆಯೇ ನಿನ್ನನ್ನು ಉಳಿಸಿತು — ಒಂದು ಬೆಳಗ್ಗೆ ಎದ್ದು ಕೂತು ನೀನಾಗಿಯೇ ಕಾಫಿ ಕೇಳಿದೆ. ಆದರೆ ದಿನದ ಕೆಲಸವೂ ಮರೆಯುತ್ತಿತ್ತು, ಕಾಯಿಲೆಗೆ ಮುಂಚಿನ ಕೆಲವು ತಿಂಗಳಂತೂ ನಿನಗೆ ನೆನಪೇ ಇರಲಿಲ್ಲ. ನಾನು ತಪ್ಪು ಒಪ್ಪಿಕೊಂಡಿದ್ದೂ ಅದರಲ್ಲೇ ಹೋಗಿತ್ತು. ಅದು ಗೊತ್ತಾದಾಗ ನನಗೆ ಎಷ್ಟು ಹಾಯೆನಿಸಿತೆಂದರೆ — ಬರೆಯಲು ನಾಚಿಕೆಯಾಗುತ್ತದೆ.

ನೆನಪಿನ ತರಬೇತಿ ಮನೆಯಲ್ಲೂ ನಡೆಯಬೇಕು ಎಂದು ಆಸ್ಪತ್ರೆಯ ಕೌನ್ಸೆಲರ್ ಮೇಡಂ ನನ್ನನ್ನೇ ಕೂರಿಸಿಕೊಂಡು ಹೇಳಿಕೊಟ್ಟರು. "ಊಹೆ ಮಾಡೋಕೆ ಬಿಡಬೇಡಿ. ತಪ್ಪು ಉತ್ತರ ತಲೇಲಿ ಕೂತ್ಬಿಟ್ರೆ ಏಳಿಸೋದು ಕಷ್ಟ. ಸರಿಯಾದ್ದನ್ನ ಮೊದಲು ನೀವೇ ಹೇಳಿ, ಆಮೇಲೆ ಅವರ ಬಾಯಲ್ಲಿ ಹೇಳಿಸಿ."

ಹಾಗೇ ಮಾಡಿದೆವು. ಸೊಪ್ಪು ಬಸಿದು ಬಸ್ಸಾರು ಮಾಡುವಾಗ ಯಾವುದರ ನಂತರ ಯಾವುದು, ದಿನಾ ಬರುವ ಗಿರಾಕಿಗಳ ಹೆಸರೇನು — ನಾನು ಹೇಳುವುದು, ನೀನು ತಿರುಗಿ ಹೇಳುವುದು. ಸರಿಯಾದಾಗ ನೀನು ಮಗುವಿನ ಹಾಗೆ ನಗುತ್ತಿದ್ದೆ. ಓದು ಹತ್ತದ ನನಗೂ ಟೀಚರಮ್ಮನ ಜಂಬ ಬಂದಿತ್ತು.

ಒಂದು ದಿನ ಸೊಪ್ಪು ಬಿಡಿಸುತ್ತಾ ನೀನೇ ಕೇಳಿದೆ. "ಅಕ್ಕ, ಅವ್ವ ಸಾಯೋವಾಗ ನಾನ್ಯಾಕ್ ಓಗ್ಲಿಲ್ಲ?"

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

"ಫೋನ್ ಬಂದಿತ್ತು ಕಣೆ. ನಾಳೆ ಓಯ್ತೀನಿ ಅಂತ ನೀನೇ ಅಂದೆ. ಎಲ್ಲಿ, ಯೋಳು."

"ನಾಳೆ ಓಯ್ತೀನಿ ಅಂತ ನಾನೇ ಅಂದೆ," ಎಂದೆ ನೀನು. ಪಾಠ ಒಪ್ಪಿಸುವ ಹಾಗೆ.

ಅದನ್ನು ಮರುದಿನವೂ ಹೇಳಿಸಿದೆ. ಅದರ ಮರುದಿನವೂ. ಒಮ್ಮೆ ನೀನು ಸೊಪ್ಪು ಹಿಡಿದ ಕೈ ನಿಲ್ಲಿಸಿ, "ಬೀಗರೂಟ ಇತ್ತು ಕಣೆ, ಅದ್ಕೆ ಯೋಳ್ಲಿಲ್ಲ ಅಂತ ನೀನೇ ಏನೋ ಅಂದಂಗೆ..." ಎಂದೆ. ನಿಜ ತಾನಾಗಿಯೇ ನಿನ್ನ ಹತ್ತಿರ ವಾಪಸು ಬರುತ್ತಿತ್ತು. "ತಪ್ಪು," ಎಂದೆ. ನೀನು ತಲೆ ತಗ್ಗಿಸಿ ಸರಿಪಡಿಸಿಕೊಂಡೆ. ಅಂದಿನಿಂದ ಕಣ್ಣಾರೆ ಕಂಡದ್ದಕ್ಕೂ ನನ್ನ ಮುಖ ನೋಡಿ, ಸರಿನಾ ಅಕ್ಕ ಎಂದು ಕೇಳುತ್ತೀಯೆ.

ನಾಳೆ ಶಿವಪುರದಲ್ಲಿ ನಿಮ್ಮವ್ವನ ವರ್ಷದ ಎಡೆ. ಸಂಜೆ ಸೀರೆ ಮಡಿಸುತ್ತಾ ನೀನು ಅಂದೆ: "ಎಲ್ರ ಮುಂದೆ ಅವ್ವನ ಫೋಟೋಗೆ ಅಡ್ಡಬಿದ್ದು ತಪ್ಪಾಯ್ತು ಅಂತೀನಿ. ತಮ್ಮನ ಕಾಲ್ಗೂ ಬೀಳ್ತೀನಿ ಕಣಕ್ಕ, ಆಗ್ಲಾದ್ರೂ ಮಾತಾಡಿಸ್ತಾನೇನೋ."

ನನ್ನ ತಪ್ಪಿಗೆ ನೀನು ಕಾಲಿಗೆ ಬೀಳುವುದೆ? ಒಳಗೆ ಹೋಗಿ ಮೇಡಮ್ಮಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, "ನೀವೇ ಹೇಳಿ. ಹೇಳಿದ ಮೇಲೆ ಅವರನ್ನ ಒಂಟಿಯಾಗಿ ಬಿಡಬೇಡಿ," ಎಂದರು. ನೀನು ಮತ್ತೆ ಕುಸಿದರೆ — ಎಂದು ನನಗೆ ನಿಜವಾಗಿಯೂ ಭಯವಿದೆ. ಇಷ್ಟು ದಿನ ಆ ಭಯವನ್ನೇ ನೆಪ ಮಾಡಿಕೊಂಡಿದ್ದೂ ನಿಜ.

ಬೆಳಗ್ಗೆ ಮದ್ದೂರಿನ ಬಸ್ಸು ಹತ್ತುವ ಮೊದಲು ನಿನ್ನ ಗಂಡನನ್ನೂ ಪಕ್ಕದಲ್ಲಿ ಕೂರಿಸಿ ಹೇಳುತ್ತೇನೆ. ನೀನು ಬರಗೊಟ್ಟರೆ ಶಿವಪುರಕ್ಕೂ ಬಂದು ನಿನ್ನ ತಮ್ಮನಿಗೆ ಹೇಳುತ್ತೇನೆ, ಬೇಡವೆಂದರೆ ಫೋನಿನಲ್ಲಿ. ಕ್ಷಮಿಸು ಎಂದು ಕೇಳಿ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸುವುದಿಲ್ಲ. ಸರಿಯಾದ್ದನ್ನು ಈ ಸಲ ಮೊದಲು ನಾನೇ ಹೇಳುತ್ತೇನೆ: ನಿಮ್ಮವ್ವ ಕರೆದರು, ನಾನು ನಿನಗೆ ಹೇಳಲಿಲ್ಲ.

ಇದೊಂದನ್ನು ನೀನು ತಿರುಗಿ ಹೇಳಬೇಕಾಗಿಲ್ಲ, ಶೋಭಾ. ನೀನು ಕೇಳಿದಾಗಲೆಲ್ಲ ನಾನೇ ಹೇಳುತ್ತೇನೆ.