ದೇವೇಂದ್ರಪ್ಪನವರ ಅಳತೆ ಟೇಪು

ಫೆಬ್ರವರಿಯ ಶಾಲಾ ರಜೆ ಹತ್ತಿರ ಬಂತೆಂದರೆ ಇಂಗ್ಲೆಂಡಿನ ಹಾರ್ಬೋರ್ನ್‌ನ ಮೂಳೆ ಡಾಕ್ಟರು ದೇವೇಂದ್ರಪ್ಪನವರು ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡೇ ಹೋಗುತ್ತಾರೆ. ಕಾಲಿಗೆ ಉದ್ದನೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಲು ಆಲ್ಪ್ಸ್‌ಗೆ ಹೊರಟ ಕನ್ನಡದವರೆಲ್ಲ ಅಲ್ಲಿ ಬರಿಗಾಲಲ್ಲಿ ಸಿಗುತ್ತಾರೆ. ಅಷ್ಟು ಸರಿಯಾದ ಎತ್ತರ ಯಾವ ಸ್ಕೀ ಅಂಗಡಿಯಲ್ಲೂ ಸಿಗದು ಎಂಬುದು ಅವರ ವಾದ. ಪುಳಿಯೋಗರೆ ತಿನ್ನುತ್ತಿದ್ದವರನ್ನೂ ಎಬ್ಬಿಸಿ ಗೋಡೆಗೆ ನಿಲ್ಲಿಸುತ್ತಾರೆ. "ಹೊಸಬ್ರಿಗೆ ಸ್ಕೀ ಗದ್ದದ ತನಕ ಸಾಕು. ಸ್ವಲ್ಪ ಪಳಗಿದೋರಿಗೆ ಮೂಗಿನ ತನಕ, ನನ್ನಂಥೋರಿಗೆ ಹಣೆ ತನಕ. ಉದ್ದ ಆದಷ್ಟೂ ಓಟ ಜಾಸ್ತಿ, ನೋಡಿ." ತೂಕವನ್ನೂ ಕೇಳುತ್ತಾರೆ, ಯಾರು ಎಷ್ಟು ಹೇಳಿದರೂ ತಾವೇ ಮೂರು ಕಿಲೊ ಸೇರಿಸಿಕೊಳ್ಳುತ್ತಾರೆ. ಅಂಗಡಿಯವನು ಬೇರೆ ಅಳತೆ ಹೇಳಿದರೆ ಅಲ್ಲಿಂದಲೇ ತಮಗೆ ಫೋನ್ ಮಾಡಬೇಕೆಂಬ ತಾಕೀತು ಬೇರೆ. ಅಷ್ಟು ಹೊತ್ತೂ ಅವರ ಪಾಲಿನ ತಟ್ಟೆ ಹಿಡಿದು ಹೆಂಡತಿ ಶಕುಂತಲಾ ಕಾದು ನಿಂತಿರುತ್ತಾರೆ. ಆದರೆ ಹಿಮದ ಮೇಲೆ ದೇವೇಂದ್ರಪ್ಪನವರನ್ನು ನೋಡಬೇಕು: ಹದಿನೈದು ವರ್ಷ ಪಳಗಿದ ಆಳು, ಕಾಲಲ್ಲಿ ಮಾತ್ರ ಗದ್ದದ ತನಕದ ಸ್ಕೀ. ಜೊತೆಗೆ ಹೋದವರೊಬ್ಬರು ಯಾಕೆಂದು ಕೇಳಿಯೇ ಬಿಟ್ಟಾಗ, ಬಗ್ಗಿ ಬೂಟಿನ ಪಟ್ಟಿ ಬಿಗಿಯುತ್ತಲೇ ಹೇಳಿದರು: "ಶಕುಂತಲಾ ಇನ್ನೂ ಮಕ್ಕಳ ಇಳಿಜಾರಲ್ಲೇ ಇದಾಳೆ. ಉದ್ದದ್ದು ಹಾಕ್ಕೊಂಡ್ರೆ ಅವಳು ಹಿಂದೆ ಉಳ್ಕೊಂಡ್ಬಿಡ್ತಾಳೆ."