ಕೆಂಪು ಚಾಲೂ, ಹಸಿರು ಬಂದ್

ಅಣವೀರಪ್ಪನವರನ್ನು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹೊಗಳದಿದ್ದರೆ ಇನ್ನೂ ಸಿಟ್ಟು. ಕಮಲಾಪುರದ ಆಚೆ ನಮ್ಮ ಸಿಮೆಂಟ್ ಕಾರ್ಖಾನೆ ಎಂಬತ್ತಾರರಲ್ಲಿ ಶುರುವಾದಾಗ ಕಂಟ್ರೋಲ್ ರೂಮಿನ ಮೊದಲ ಕುರ್ಚಿಯಲ್ಲಿ ಕೂತವರು ಅವರು. ಪಕ್ಕದ ಕುರ್ಚಿ ನನ್ನದು. ಕಲಬುರಗಿಯ ಗಾಜಿಪುರದಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಕಂಪನಿ ಬಸ್ಸು ಹತ್ತಿದರೆ, ಬಗಲಿನ ಸೀಟಿನ ಮೇಲೆ ಟವೆಲ್ ಹಾಸಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಆ ಸೀಟು ಶಹಾಬಜಾರದಲ್ಲಿ ಹತ್ತುವ ಫಿಟರ್ ಶಬ್ಬೀರನದು. ಅಲ್ಲಿಂದ ಕಾರ್ಖಾನೆಯ ಗೇಟಿನವರೆಗೆ ಇಬ್ಬರದೂ ಒಂದೇ ಸಮನೆ ಜಗಳ. ಜಗಳವಿಲ್ಲದ ದಿನ ಡ್ರೈವರನೇ ಹಿಂದೆ ತಿರುಗಿ ನೋಡುತ್ತಿದ್ದ.

ಕೆಲಸದಲ್ಲಿ ಮಾತ್ರ ಅವರಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಯಾವುದೇ ಯಂತ್ರಕ್ಕೆ ಕೈ ಹಾಕುವ ಮುಂಚೆ ಅದರ ಫ್ಯೂಸ್ ತೆಗೆಸಿ, ಚೀಟಿ ಕಟ್ಟಿ, ಸಹಿ ಮಾಡಬೇಕೆಂದು ನಿಯಮದ ಪುಸ್ತಕ ಹೇಳುತ್ತದೆ. ಫ್ಯೂಸಿನ ಕೋಣೆ ಇರುವುದು ಕಾರ್ಖಾನೆಯ ಇನ್ನೊಂದು ತುದಿಗೆ. ಶಬ್ಬೀರ್ ಫೋನ್ ಎತ್ತಿ, "ಅಣ್ಣಾ, ಬಂದ್ ಅದನ್ರಿ?" ಎನ್ನುತ್ತಿದ್ದ. ಇವರು ಕಂಟ್ರೋಲ್ ರೂಮಿನ ಪರದೆ ನೋಡಿ, "ಬಂದ್ ಅದ, ಕೈ ಹಾಕು" ಎನ್ನುತ್ತಿದ್ದರು. ಹದಿಮೂರು ವರ್ಷ ಅಷ್ಟೇ ಸಾಕಾಯಿತು. ಇದು ತಪ್ಪೆಂದು ನಮಗೆಲ್ಲ ಗೊತ್ತಿತ್ತು, ಆದರೂ ಅಣವೀರಪ್ಪನವರ ಮಾತಿಗಿಂತ ಗಟ್ಟಿ ಬೀಗ ಇಲ್ಲವೆಂದು ನಾವೇ ಹೇಳಿಕೊಂಡು ತಿರುಗುತ್ತಿದ್ದೆವು.

ನಮ್ಮ ಹಳೆಯ ಪರದೆಯಲ್ಲಿ ಓಡುವ ಯಂತ್ರ ಕೆಂಪು, ನಿಂತದ್ದು ಹಸಿರು. ಕರೆಂಟಿನವರ ಹಳೆಯ ಲೆಕ್ಕ ಅದು. ಕೆಂಪೆಂದರೆ ಒಳಗೆ ಕರೆಂಟಿದೆ, ದೂರವಿರು. ಹಸಿರೆಂದರೆ ಭಯವಿಲ್ಲ.

ತೊಂಬತ್ತೊಂಬತ್ತರಲ್ಲಿ ಯಂತ್ರ ಮಾರಿದ ಕಂಪನಿಯಿಂದ ಪತ್ರ ಬಂತು. ಪರದೆಗಳನ್ನು ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಮ್ ಅನ್ನು ಕೈಬಿಡುತ್ತಿದ್ದೇವೆ, ಎರಡು ಸಾವಿರ ಇಸವಿಯ ನಂತರ ರಿಪೇರಿಗೆ ಬರುವುದಿಲ್ಲ, ಆಫೀಸಿನ ಕಂಪ್ಯೂಟರುಗಳಲ್ಲಿ ಇರುವಂಥದಕ್ಕೇ ಬದಲಾಯಿಸಿಕೊಳ್ಳಿ ಎಂದು. ನಮ್ಮನ್ನು ಯಾರು ಕೇಳಿದರು? ಕೊಟ್ಟ ಕುದುರೆ ಏರಲೇಬೇಕಿತ್ತು. ಹೊಸ ಪರದೆಯಲ್ಲಿ ಇಲಿಯಷ್ಟು ಮೌಸು, ಒಂದರ ಮೇಲೊಂದು ಕಿಟಕಿ, ಮತ್ತು ಬಣ್ಣ ಉಲ್ಟಾ. ಓಡುವುದು ಹಸಿರು, ನಿಂತದ್ದು ಕೆಂಪು.

ಆ ಕಂಪನಿಯಿಂದ ಬಂದ ಎಂಜಿನಿಯರ್ ಒಳ್ಳೆಯವನೇ. "ಬೇಕಾದರೆ ನಿಮ್ಮ ಹಳೆಯ ಬಣ್ಣಕ್ಕೇ ಬದಲಾಯಿಸಿಕೊಡ್ತೀನಿ, ಎಂಟು ದಿನ ಹಿಡಿಯುತ್ತೆ," ಎಂದ. ಮ್ಯಾನೇಜರು ಅಣವೀರಪ್ಪನವರ ಮುಖ ನೋಡಿದರು. ಐವತ್ತೆರಡರ ಮನುಷ್ಯ, ಸುತ್ತ ಡಿಪ್ಲೊಮಾ ಮುಗಿಸಿದ ಹೊಸಬರು. "ಏನ್ ಬ್ಯಾಡ್ರಿ. ಎರಡು ಬಣ್ಣ ನೆನಪಿಡಾಕ ಬರಲ್ಲೇನು ನನಗ?" ಎಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಟ್ಟರು.

ಮೂರು ವಾರ ಎಲ್ಲ ಸರಿಯಾಗಿತ್ತು. ನಾಲ್ಕನೆಯ ವಾರ, ಒಂದು ಮಧ್ಯಾಹ್ನ, ಭಟ್ಟಿ ಕೆಟ್ಟಿತು. ಪರದೆಯ ತುಂಬ ಎಚ್ಚರಿಕೆಗಳು, ಗಂಟೆ ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಫೋನ್ ಬಂತು. ಸಿಮೆಂಟ್ ಪುಡಿ ಸಾಗಿಸುವ ಸ್ಕ್ರೂ ಕಟ್ಟಿಕೊಂಡಿದೆ ಎಂದು ಶಬ್ಬೀರ್ ಹೇಳಿದ. ಅದು ಮುಚ್ಚಿದ ಕಬ್ಬಿಣದ ಕೊಳವೆಯೊಳಗೆ ನಿಧಾನ ತಿರುಗುವ ಯಂತ್ರ. ಮುಚ್ಚಳ ತೆಗೆದರೂ ಕಾಣುವುದು ಪುಡಿ ಮಾತ್ರ, ಪಕ್ಕದ ಗಿರಣಿಯ ಸದ್ದಿನಲ್ಲಿ ಏನೂ ಕೇಳುವುದಿಲ್ಲ.

"ಅಣ್ಣಾ, ಬಂದ್ ಅದನ್ರಿ?"

ಅವರು ನೋಡಿದರು. ಹಸಿರು ಇತ್ತು.

"ಬಂದ್ ಅದ, ಕೈ ಹಾಕು."

ಶಬ್ಬೀರನ ಬಲಗೈ ಮೊಣಕೈವರೆಗೆ ತುಂಡಾಗಿ ಹೋಯಿತು.

ವಿಚಾರಣೆಯಲ್ಲಿ ಶಬ್ಬೀರ್ ಆಸ್ಪತ್ರೆಯ ಮಂಚದಿಂದಲೇ ಹೇಳಿಕೆ ಕೊಟ್ಟ. ಯಾರಿಗೂ ಫೋನ್ ಮಾಡಲಿಲ್ಲ, ನಾನಾಗಿಯೇ ಕೈ ಹಾಕಿದೆ ಎಂದು. ಉರ್ದುವಿನಲ್ಲಿ ಚೆಂದದ ಸಹಿ ಮಾಡುತ್ತಿದ್ದವನು ಎಡಗೈ ಹೆಬ್ಬೆಟ್ಟು ಒತ್ತಿದ. ನೋಡಲು ಹೋಗಿದ್ದ ನನ್ನ ಕಿವಿಯಲ್ಲಿ, "ನಂದು ಕೈ ಹೋಗ್ಯಾದ. ಅಣ್ಣಂದು ನೌಕರಿನೂ ಯಾಕ ಹೋಗಬೇಕು? ಸುಮ್ನಿರ್ರಿ," ಎಂದ. ಅಣವೀರಪ್ಪನವರನ್ನು ಕರೆದು ಕೇಳಿದಾಗ ಅವರು ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಪಕ್ಕದ ಕುರ್ಚಿಯ ನಾನೂ ಬಿಡಲಿಲ್ಲ. ಕೆಲಸಗಾರನ ನಿಷ್ಕಾಳಜಿ ಎಂದು ಬರೆದು ಫೈಲು ಮುಚ್ಚಿದರು. ಪರದೆಯ ಬಣ್ಣ ಮಾತ್ರ ಮರುವಾರವೇ ಹಳೆಯದಕ್ಕೆ ಬದಲಾಯಿತು. ಎಂಟು ದಿನದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಣವೀರಪ್ಪನವರು ಊಟ ಬಿಟ್ಟರು. ಬಸ್ಸಿನಲ್ಲಿ ಕೊನೆಯ ಸೀಟಿಗೆ ಹೋಗಿ ಕೂರುತ್ತಿದ್ದರು. ಒಂದು ಭಾನುವಾರ ನನ್ನ ಮನೆಗೆ ಬಂದು, "ನಡಿಯಪ್ಪಾ, ಅವನ ಮನೀಗಿ ಹೋಗೂಣು. ಒಬ್ಬಾಂವಗ ಧೈರ್ಯ ಸಾಲವಲ್ದು," ಎಂದರು. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು.

ಶಹಾಬಜಾರದ ಆ ಸಣ್ಣ ಮನೆಯಲ್ಲಿ ಶಬ್ಬೀರ್ ಗೋಡೆಗೆ ಒರಗಿ ಕೂತಿದ್ದ. ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿದ್ದರು. ನಮ್ಮನ್ನು ನೋಡಿ ನಿಜವಾಗಿ ಖುಷಿಯಾದ, ಜಗಳ ತೆಗೆಯಲೂ ನೋಡಿದ. ಅವನ ಹೆಂಡತಿ ಕುಲ್ಸುಮ್ ಚಹಾ ತಂದುಕೊಟ್ಟು, ಬಾಗಿಲ ಬಳಿ ನಿಂತು ಅಣವೀರಪ್ಪನವರಿಗೆ ಹೇಳಿದಳು.

"ಭಾಯಿಸಾಬ್, ನೀವಾದ್ರೂ ಇವರಿಗೆ ಕೇಳ್ರಿ. ನಿಮಗ ಕೇಳದ ಒಂದು ಮುಚ್ಚಳ ತೆಗೀತಿರಲಿಲ್ಲ ಇವರು. ಅವತ್ತೊಂದೇ ದಿನ ಯಾಕ ಕೇಳಲಿಲ್ಲ? ನಾ ಕೇಳಿದ್ರ ಮಾತೇ ಆಡವಲ್ರು. ದಿನಾ ಬೈಯಾಕತ್ತೀನಿ ಇವರಿಗೆ."

ಶಬ್ಬೀರ್ ಅವಳ ಬೆನ್ನ ಹಿಂದಿನಿಂದ ಅಣವೀರಪ್ಪನವರತ್ತ ನೋಡಿ ತಲೆಯಾಡಿಸಿದ. ಬೇಡ, ಬೇಡ ಎಂದು. ನಾನೂ ಮನಸ್ಸಿನಲ್ಲಿ ಬೇಡ ಎಂದೆ. ಸುಮ್ಮನಿದ್ದರೆ ಎಲ್ಲ ಉಳಿಯುತ್ತಿತ್ತು, ನೌಕರಿ, ಗೆಳೆತನ, ಈ ಮನೆಯ ಚಹಾ. ಆದರೆ ಅವಳು ತಪ್ಪಿಲ್ಲದ ಗಂಡನನ್ನು ದಿನವೂ ಬೈಯುತ್ತಿದ್ದಳು.

"ಕೇಳಿದ್ದ ತಂಗೀ," ಎಂದರು ಅಣವೀರಪ್ಪನವರು. "ಎಂದಿನಂಗ ಕೇಳಿದ್ದ. ಬಂದ್ ಅದ ಅಂತ ನಾನೇ ಹೇಳ್ದೆ."

ಕುಲ್ಸುಮ್ ಬಂದು, ಅವರ ಕೈಯಿಂದ ಅರ್ಧ ಕುಡಿದ ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಒಳಗಿನಿಂದ ಅವಳು ಅಳುವುದು ಕೇಳಿಸಿತು.

"ನಾ ಬ್ಯಾಡ ಅಂದಿದ್ನಲ್ರಿ ಅಣ್ಣಾ," ಎಂದ ಶಬ್ಬೀರ್. "ಇನ್ನ ಹೊಂಡ್ರಿ. ಈ ಮನೀಗಿ ಮತ್ತ ಬರಬ್ಯಾಡ್ರಿ."