ಮುನೆಮ್ಮನವರ ಸೌಳು, ನಾನು ಬರೆಯದ ಸಾಲು

೧೯೪೩ರಲ್ಲಿ ನಾನು ಮುಳಬಾಗಿಲಿನಲ್ಲಿ ಶ್ರೀಕಂಠಯ್ಯ ಎಂಬ ಎಂಜಿನಿಯರರ ಬಳಿ ಪ್ರಯೋಗ ಸಹಾಯಕನಾಗಿದ್ದೆ. ಹೈಸ್ಕೂಲು ಮುಗಿಸಿ, ಕೋಲಾರದ ಶಾಲೆಯೊಂದರ ಲ್ಯಾಬೊರೇಟರಿಯಲ್ಲಿ ಆರು ವರ್ಷ ಗಾಜಿನ ಸಾಮಾನು ತೊಳೆದದ್ದೇ ನನ್ನ ಅರ್ಹತೆ. ಅವರು ಬರ್ಮಾದ ಎಣ್ಣೆ ಬಾವಿಗಳಲ್ಲಿ ದುಡಿದು, ಯುದ್ಧ ಅಲ್ಲಿಗೂ ಬಂದಾಗ ಕಾಡುದಾರಿಯಲ್ಲಿ ನಡೆದು ಊರು ಸೇರಿದವರು. ನೆಟ್ಟಗಿನ ಒಂದು ಅಂಗಿಯೂ ಉಳಿದಿರಲಿಲ್ಲವಂತೆ. ಬಂದ ತಿಂಗಳಿಗೇ ಒಂದು ಶೆಡ್ಡು ಹಿಡಿದು ಪ್ರಯೋಗ ಶುರು ಮಾಡಿದ್ದರು.

ಕಚ್ಚಾ ಎಣ್ಣೆ ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ. ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ತುಂಬಿರುತ್ತದೆ. ಆ ಪದರಕ್ಕೆ ರಿಸರ್ವಾಯರ್ ಎಂದು ಹೆಸರು. ಬಾವಿ ಕೊರೆದಾಗ ಒಂದಷ್ಟು ತಾನಾಗಿ ಬರುತ್ತದೆ, ನೀರು ನುಗ್ಗಿಸಿದರೆ ಇನ್ನಷ್ಟು. ಉಳಿದದ್ದು ಬಾಣಲೆಗೆ ಅಂಟಿದ ಜಿಡ್ಡಿನಂತೆ ಕಲ್ಲನ್ನು ಬಿಡುವುದಿಲ್ಲ. ನೀರಿಗೆ ಅಂಟುವಾಳದ ರಸ ಬೆರೆಸಿದರೆ ಬಿಟ್ಟೀತೇ ಎಂಬುದು ಶ್ರೀಕಂಠಯ್ಯನವರ ಪ್ರಶ್ನೆ. ಇಂಥ ವಸ್ತುವನ್ನು ಈಗ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಆಗ ನಮ್ಮ ಕಡೆಯವರಿಗೆ ಅದು ತಲೆಗೆ ತಿಕ್ಕುವ ಕುಂಕುಡುಕಾಯಿ, ಅಷ್ಟೆ.

ಎರಡು ಅಡಿಯ ಹಿತ್ತಾಳೆ ಕೊಳವೆಗೆ ಪಾಲಾರ್ ಹೊಳೆಯ ಮರಳು ತುಂಬಿ, ಕಂಪನಿಯೊಂದು ಕಳಿಸಿದ್ದ ಕಚ್ಚಾ ಎಣ್ಣೆಯಲ್ಲಿ ನೆನೆಸಿ, ಕೈಪಂಪಿನಿಂದ ನೀರು ಹಾಯಿಸುತ್ತಿದ್ದೆವು. ಬರೀ ನೀರಿಗೆ ಅರ್ಧದಷ್ಟು ಎಣ್ಣೆ ಮರಳಿನಲ್ಲೇ ಉಳಿಯುತ್ತಿತ್ತು. ಅಂಟುವಾಳದ ನೀರು ಹಾಯಿಸಿದರೆ ಇನ್ನೂ ಸ್ವಲ್ಪ ಬರುತ್ತಿತ್ತು, ಹೇಳಿಕೊಳ್ಳುವಷ್ಟಲ್ಲ.

ಆ ನೀರು ತಯಾರಿಸುವುದು ನನ್ನ ಕೆಲಸ. ಬೀಜ ತೆಗೆದು, ಸಿಪ್ಪೆ ತೂಗಿ, ನೆನೆಸಿ, ಹಿಸುಕಿ, ಸೋಸಿ, ಮಾಡಿದ ಕ್ರಮವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹಿಸುಕುವಾಗ ಘಾಟಿಗೆ ಸೀನಿ ಸೀನಿ ಸಾಕಾಗುತ್ತಿತ್ತು. ಎರಡೇ ವಾರಕ್ಕೆ ಬೇಸತ್ತು, ಬೀದಿಯ ಕೊನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುನೆಮ್ಮನವರಿಗೆ ಒಪ್ಪಿಸಿದೆ. ಏತಕ್ಕೆಂದು ಕೇಳಿದರು. ಎಣ್ಣೆ ಜಿಡ್ಡು ಬಿಡಿಸುವುದಕ್ಕೆ ಎಂದೆ. ನೋಟ್‌ಬುಕ್ಕಿನಲ್ಲಿ ಮಾತ್ರ ನಾನೇ ತಯಾರಿಸಿದೆ ಎಂದು ಬರೆಯುತ್ತ ಹೋದೆ.

ಅಲ್ಲಿಂದ ಫಲಿತಾಂಶ ಏರಿತು. ಮರಳಿನಲ್ಲಿ ಉಳಿಯುತ್ತಿದ್ದ ಎಣ್ಣೆಯ ಬಹುಪಾಲು ಜಾಡಿಗೆ ಬಂತು. ಶ್ರೀಕಂಠಯ್ಯನವರು ಮತ್ತೆ ಮತ್ತೆ ಪರೀಕ್ಷಿಸಿ ಕಂಪನಿಗೆ ಬರೆದರು. ಮದ್ರಾಸಿನಿಂದ ಅಧಿಕಾರಿಯೊಬ್ಬರು ನೋಡಲು ಬರುವುದಾಗಿ ತಿಳಿಸಿದರು. ಅವರು ಒಪ್ಪಿದರೆ ಅಸ್ಸಾಮಿನ ನಿಜವಾದ ಬಾವಿಯೊಂದರಲ್ಲಿ ಪ್ರಯೋಗ. ಶ್ರೀಕಂಠಯ್ಯನವರ ಜೀವಮಾನದ ಆಸೆ ಅದು.

ಅಧಿಕಾರಿ ಬಂದ ದಿನ, ಅತಿಥಿಯ ಮೇಲಿನ ಗೌರವಕ್ಕೆ ಅಂಟುವಾಳದ ನೀರನ್ನು ಶ್ರೀಕಂಠಯ್ಯನವರು ತಾವೇ ಮಾಡಿದರು, ನನ್ನ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು. ಪಂಪು ಒತ್ತಿದವನು ನಾನು. ಜಾಡಿಯಲ್ಲಿ ನೊರೆ ಬಂತು, ಎಣ್ಣೆ ಹೇಳಿಕೊಳ್ಳುವಷ್ಟು ಬರಲಿಲ್ಲ. ಸ್ನಾನಕ್ಕೆ ಒಳ್ಳೆಯದೆಂದು ಅಧಿಕಾರಿ ನಕ್ಕು ಕಾರು ಹತ್ತಿದರು.

ನಾನು ಮುನೆಮ್ಮನವರ ಬಳಿಗೆ ಓಡಿದೆ. ಕಾಯಿಯ ಜೊತೆ ಬೇರೇನಾದರೂ ಹಾಕುತ್ತಿದ್ದಿರಾ ಎಂದು ಕೇಳಿದೆ.

“ಸೌಳು ಹಾಕ್ದೆ ಜಿಡ್ಡು ಬಿಡ್ತದಾ ನಾಯನಾ? ಗಾಣದೋರ ಬಟ್ಟೆಗೆ ನಮ್ಮತ್ತೆ ಕಾಲದಿಂದ್ಲೂ ಹಂಗೇ. ನೀನೇ ಅಲ್ವಾ ಎಣ್ಣೆ ಅಂದಿದ್ದು?”

ಸೌಳು ಎಂದರೆ ಮಡಿವಾಳರು ಬಳಸುವ ಕ್ಷಾರದ ಮಣ್ಣು.

ಕೆಲಸ ಹೋಗುವ ಭಯಕ್ಕೆ ಒಂಬತ್ತು ದಿನ ಬಾಯಿ ಬಿಡಲಿಲ್ಲ. ಅಷ್ಟು ದಿನವೂ ಶ್ರೀಕಂಠಯ್ಯನವರು ತಮ್ಮ ತಕ್ಕಡಿಯನ್ನು, ತಮ್ಮ ಕಣ್ಣನ್ನು, ಕೊನೆಗೆ ತಮ್ಮ ಬುದ್ಧಿಯನ್ನೇ ಅನುಮಾನಿಸಿ ಅದೇ ಪ್ರಯೋಗ ಮಾಡುತ್ತಿದ್ದುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಹತ್ತನೆಯ ದಿನ, ಹಿಂದಿನ ಫಲಿತಾಂಶಗಳೆಲ್ಲ ತಮ್ಮ ತಪ್ಪಿನಿಂದ ಬಂದವು, ಹಿಂತೆಗೆದುಕೊಳ್ಳುತ್ತೇನೆ ಎಂದು ಕಂಪನಿಗೆ ಕಾಗದ ಬರೆದು ನನ್ನ ಕೈಗೆ ಕೊಟ್ಟರು. ಅದನ್ನು ಅಂಚೆ ಡಬ್ಬಿಗೆ ಹಾಕಿದವನು ನಾನೇ. ಹಿಂತಿರುಗಿ ಬಂದು ಎಲ್ಲವನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಕೊಳವೆಯನ್ನು ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದ್ದು ಒಂದೇ ಮಾತು: “ಆ ಸೌಳು ಎಲ್ಲಿಂದ ತರ್ತಾರಯ್ಯ ಆಯಮ್ಮ?”

ಮರುದಿನ ಬೆಳಿಗ್ಗೆ ಮುನೆಮ್ಮನವರ ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆ ಎಂಜಿನಿಯರರು ಶಾಲೆಯ ಹುಡುಗನಂತೆ ಬರೆದುಕೊಂಡರು. ಎಷ್ಟು ಕಾಯಿಗೆ ಎಷ್ಟು ಸೌಳು, ಯಾವ ಬಾವಿಯ ನೀರು, ಬಟ್ಟೆ ಎಷ್ಟು ಹೊತ್ತು ನೆನೆಯಬೇಕು, ಎಲ್ಲ. ಮುನೆಮ್ಮನವರು ಹೆದರಿದ್ದರು.

“ನನ್ ಸೌಳಿಂದ ನಿಮ್ ಕೆಲ್ಸ ಕೆಡ್ತಾ ಸಾಮಿ?”

“ಸೌಳಿಂದ ಕೆಡಲಿಲ್ಲ ಕಣಮ್ಮ. ಅದನ್ನ ಬರೀದೆ ಬಿಟ್ಟಿದ್ದರಿಂದ ಕೆಡ್ತು.”

ಬರೆಯದೆ ಬಿಟ್ಟವನು ಯಾರೆಂದು ಅವರು ಹೇಳಲಿಲ್ಲ. ಅಲ್ಲೇ ನಿಂತಿದ್ದ ನಾನೂ ಹೇಳಲಿಲ್ಲ.

ಸೌಳು ಬೆರೆಸಿ ನಾಲ್ಕು ಸಲ ಪರೀಕ್ಷಿಸಿದೆವು. ನಾಲ್ಕು ಸಲವೂ ಎಣ್ಣೆ ಬಂತು. ಹೊಸ ವರದಿಯ ಮೊದಲ ಸಾಲಿನಲ್ಲೇ, ಈ ಕ್ರಮ ಮುಳಬಾಗಿಲಿನ ಮುನೆಮ್ಮ ಎಂಬವರದು ಎಂದು ಬರೆದರು. ಒಮ್ಮೆ ಹಿಂತೆಗೆದುಕೊಂಡ ವಿಷಯವನ್ನು ಮತ್ತೆ ಪರಿಶೀಲಿಸಲಾಗದು ಎಂದು ಕಂಪನಿ ಉತ್ತರಿಸಿತು. ಅವರು ಅಸ್ಸಾಮಿಗೆ ಹೋದದ್ದೇನೋ ನಿಜ, ಬೇರೊಬ್ಬರ ಬಾವಿಯಲ್ಲಿ ಸಾಧಾರಣ ಮೇಲ್ವಿಚಾರಕನಾಗಿ. ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ಹೊರಡುವ ಮುನ್ನ ನನಗೊಂದು ಶಿಫಾರಸು ಪತ್ರವನ್ನೂ ಬರೆದುಕೊಟ್ಟರು.

ಆ ಪತ್ರದ ಬಲದಿಂದಲೇ ಇಪ್ಪತ್ತೆಂಟು ವರ್ಷ ಲ್ಯಾಬೊರೇಟರಿಗಳಲ್ಲಿ ದುಡಿದೆ. ಹೊಸಬರು ಬಂದಾಗಲೆಲ್ಲ, ನಿಮಗಾಗಿ ಬೇರೆಯವರು ಮಾಡಿದ ಕೆಲಸಕ್ಕೆ ಅವರ ಹೆಸರು ಬರೆಯಿರಿ, ಕೆಲಸ ಕೆಟ್ಟರೂ ಸರಿಯೇ, ಕೈಗೂಡಿದರೂ ಸರಿಯೇ ಎಂದು ಹೇಳುತ್ತಿದ್ದೆ. ಏಕೆಂದು ಅವರು ಕೇಳಿದಾಗ ನಿಯಮ ಎನ್ನುತ್ತಿದ್ದೆ. ಕಾರಣವನ್ನು ಇಂದೇ ಮೊದಲು ಬರೆಯುತ್ತಿರುವುದು.